ಡಾಕ್ಯುಮೆಂಟರಿ ಡೈರೆಕ್ಟರ್ ಆದ್ರ ಹೊಟ್ಟಿ ತುಂಬತೈತೇನ್ರಿ? ದೀಪಾ ಧನರಾಜ್ ಅವರ ನಿಪ್ಪಾಣಿ ಫಿಲ್ಮ್ ನೋಡಿ ಕೇಳಾಕತ್ತೇನಿ

ಗೋಕಾಕ ಕ್ಯಾಮೆರಾ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಗೋಕಾಕ ಕಡೆಯಾಂವ, ಮದುವಿ ವಿಡಿಯೋ, ಪ್ರೀ ವೆಡ್ಡಿಂಗು, ಜಾತ್ರಿ ಲೈವು ಹಿಂಗ ಸಿಕ್ಕಿದ್ದ ಮಾಡ್ಕೋತ ಹೊಂಟೇನಿ, ಡ್ರೋನಿನ ಕಂತ ಇನ್ನೂ ಮುಗದಿಲ್ಲ. ಮೊನ್ನೆ ದೋಸ್ತ್ ಒಬ್ಬಾಂವ ಒಂದ ಹಳೇ ಫಿಲ್ಮ್ ಲಿಂಕ್ ಕಳಸಿದ್ದ, ತಂಬಾಕು ಚಾಕಿಲಾ ಊಬ್ ಆಲಿ ಅಂತ, 1982ರದ್ದು, ಬ್ಲಾಕ್ ಅಂಡ್ ವೈಟು, ಬರೇ 25 ನಿಮಿಷ, ಮಾತೆಲ್ಲಾ ಮರಾಠಿ. ನಿಪ್ಪಾಣಿ ತಂಬಾಕ ಫ್ಯಾಕ್ಟರ್ಯಾಗ ದುಡಿಯೋ ಹೆಣ್ಣಮಕ್ಕಳು ಯೂನಿಯನ್ ಕಟ್ಟಿದ ಕತಿ. ನಮ್ಮ ಜಿಲ್ಲಾದಾಗ, ನಾ ಕೊಲ್ಲಾಪುರಕ್ಕ ಹೋಗುಮುಂದ ಚಹಾಕ್ಕ ನಿಲ್ಲೋ ಊರಾಗ ಇಷ್ಟ ದೊಡ್ಡದ ನಡದಿತ್ತು, ಅದನ್ನ ಯಾರೋ ಕ್ಯಾಮೆರಾ ಹಿಡಕೊಂಡ ನಿಂತ ತಗದಿಟ್ಟಾರ ಅನ್ನೂದ ನನಗ ಗೊತ್ತಿರಲಿಲ್ಲ. ಡೈರೆಕ್ಟರ್ ದೀಪಾ ಧನರಾಜ್, ಬೆಂಗಳೂರಿನವರಂತ.

ಈಗ ನನ್ನ ಡೌಟು. ಫೀಚರ್ ಫಿಲ್ಮ್ ಡೈರೆಕ್ಟರ್ ಏನ್ ಮಾಡ್ತಾನ ಗೊತ್ತೈತಿ, ಕತಿ ಮಾಡ್ತಾನ, ಆ್ಯಕ್ಷನ್ ಕಟ್ ಅಂತಾನ, ಪ್ರೊಡ್ಯೂಸರ್ ರೊಕ್ಕ ಕೊಡ್ತಾನ. ಇಲ್ಲಿ ಹೀರೋ ಇಲ್ಲ, ಸ್ಕ್ರಿಪ್ಟ್ ಇಲ್ಲ, ಟಿಕೆಟ್ ಇಲ್ಲ, ಹಂಗಾದ್ರ ಡೈರೆಕ್ಟರ್ ಅನ್ನಾಂವ ಮಾಡೂದರೇ ಏನು, ಒಂದ ಫಿಲ್ಮಿಗೂ ಇನ್ನೊಂದ ಫಿಲ್ಮಿಗೂ ನಡಕ ಉಣ್ಣೂದರೇ ಏನು? ಯಾಕ ಕೇಳಾಕತ್ತೇನಂದ್ರ ನನ್ನ ತಲ್ಯಾಗೂ ಒಂದ ಸಬ್ಜೆಕ್ಟ್ ಕುಂತೈತಿ. ನಮ್ಮ ಕಡೆ ಸಕ್ಕರಿ ಕಾರ್ಖಾನಿ ಸೀಸನ್ ಚಾಲೂ ಆತಂದ್ರ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬ ಕಡಿಯೋ ಗ್ಯಾಂಗ್ ಬರ್ತಾವಲ್ಲ, ಗಂಡ ಹೆಂಡ್ತಿ ಜೋಡಿ, ಸಣ್ಣ ಕೂಸು, ಎತ್ತು, ಸ್ಟೀಲ್ ಡಬ್ಬಿ ಎಲ್ಲಾ ಕಟಗೊಂಡ ಬಂದು ಹೊಲದ ಬಾಜೂಕ ಗುಡಸಲಾ ಹಾಕ್ತಾರ. ಅವರ ಮ್ಯಾಲ ಮಾಡಬೇಕಂತ ಭಾಳ ಆಸೆ. ಮೊದಲ ಕೋರ್ಸ್ ಮಾಡ್ಲ್ಯೋ, ರೊಕ್ಕ ಹುಡಕ್ಲ್ಯೋ, ಸುಮ್ನ ಶೂಟಿಂಗ್ ಚಾಲೂ ಮಾಡ್ಲ್ಯೋ? ತಿಳದವ್ರು ಹೇಳ್ರಿ, ಬೈದ್ರೂ ನಡೀತೈತಿ.


ಬನಶಂಕರಿ ಬಾಬು:

ಆ ಫಿಲ್ಮ್ ಹುಡುಕಿ ನೋಡಿದ್ದಕ್ಕೇ ನಿಮಗೊಂದು ಶರಣು ಬ್ರದರ್. ಬೆಂಗಳೂರಲ್ಲಿ ಮೂರು ಹೊತ್ತೂ ಸಿನಿಮಾ ಸಿನಿಮಾ ಅಂತ ಓಡಾಡೋ ಜನಕ್ಕೇ ಇದೇ ಊರಲ್ಲಿರೋ ದೀಪಾ ಧನರಾಜ್ ಯಾರು ಅಂತ ಗೊತ್ತಿರಲ್ಲ, ಬರ್ಲಿನ್ನೋರಿಗೆ ಗೊತ್ತು. ತಮಾಷೆಗೆ ಹೇಳ್ತಿಲ್ಲ, ಈಗ ನೀವು ನೋಡಿದ ಕ್ಲೀನ್ ಪ್ರಿಂಟ್ ಇದೆಯಲ್ಲ, ಅದು ಬರ್ಲಿನ್ನಿನ ಆರ್ಸೆನಾಲ್ ಅನ್ನೋ ಫಿಲ್ಮ್ ಸಂಸ್ಥೆ ರಿಸ್ಟೋರ್ ಮಾಡಿದ್ದು, ಇಲ್ಲಾಂದ್ರೆ ಇಷ್ಟೊತ್ತಿಗೆ ಎಲ್ಲೋ ಡಬ್ಬದಲ್ಲಿ ವಿನೆಗರ್ ವಾಸನೆ ಹೊಡೀತಾ ಬಿದ್ದಿರ್ತಿತ್ತು.

ನಿಮ್ಮ ಪ್ರಶ್ನೆಗೆ ಅವರ ಕೆರಿಯರ್ ಹಿಡ್ಕೊಂಡೇ ಉತ್ತರ ಹೇಳ್ತೀನಿ. 1980ರಲ್ಲಿ ನಾಲ್ಕು ಜನ ಸೇರಿ ಯುಗಾಂತರ್ ಅಂತ ಒಂದು ಗುಂಪು ಮಾಡ್ಕೊಂಡ್ರು, ದೀಪಾ, ಆಭಾ ಭಯ್ಯಾ, ಮೀರಾ ರಾವ್, ಆಮೇಲೆ ಕ್ಯಾಮೆರಾಗೆ ನವರೋಜ್ ಕಾಂಟ್ರಾಕ್ಟರ್. ನವರೋಜ್ ಅಂದ್ರೆ ಹಿಂದಿ ಡೈರೆಕ್ಟರ್ ಮಣಿ ಕೌಲ್ ಅವರ ದುವಿಧಾ ಅನ್ನೋ ಸಿನಿಮಾ ಶೂಟ್ ಮಾಡಿದ್ರಲ್ಲ ಅವ್ರೇ, ದೀಪಾ ಅವರ ಯಜಮಾನ್ರು, ಬೈಕು ಮತ್ತು ಜಾಝ್ ಹುಚ್ಚಿನ ಮನುಷ್ಯ, 2023ರ ಜೂನಲ್ಲಿ ಹೊಸೂರು ಹತ್ರ ಬೈಕ್ ಆಕ್ಸಿಡೆಂಟಲ್ಲಿ ಹೋಗಿಬಿಟ್ರು. ಈ ಗುಂಪು ಮೂರ್ನಾಲ್ಕು ವರ್ಷದಲ್ಲಿ ಮಾಡಿದ್ದು ನಾಲ್ಕೇ ಫಿಲ್ಮು: ಪುಣೆಯ ಮನೆಗೆಲಸದ ಹೆಂಗಸರ ಬಗ್ಗೆ ಮೋಲ್ಕರೀಣ್, ನೀವು ನೋಡಿದ ನಿಪ್ಪಾಣಿಯದ್ದು, ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನ ಜೊತೆ ಸೇರಿ ಮನೆಯೊಳಗಿನ ಹೊಡೆತ ಬಡಿತದ ಬಗ್ಗೆ ಒಂದು ತೆಲುಗು ಫಿಲ್ಮು, ಚಿಪ್ಕೋ ಚಳವಳಿಯ ಒಬ್ಬ ಹಳ್ಳಿ ಹೆಂಗಸಿನ ಬಗ್ಗೆ ಸುದೇಶಾ. ಅಷ್ಟೇ. ಇದರಲ್ಲಿ ಒಂದೂ ಥಿಯೇಟರ್‌ಗೆ ಅಂತ ಮಾಡಿದ್ದಲ್ಲ. ಯಾರ ಬಗ್ಗೆ ತೆಗೆದ್ರೋ ಅವರ ಥರದ್ದೇ ಬೇರೆ ಊರಿನ ಜನಕ್ಕೆ ತೋರಿಸೋಕೆ, ಪ್ರೊಜೆಕ್ಟರ್ ಹೊತ್ಕೊಂಡು ಹೋಗಿ ಯೂನಿಯನ್ ಆಫೀಸಲ್ಲಿ, ಮಹಿಳಾ ಗುಂಪುಗಳಲ್ಲಿ ತೋರಿಸಿ ಆಮೇಲೆ ಕೂತು ಮಾತಾಡಿಸೋಕೆ ಮಾಡಿದ್ದು. ತೋರಿಸೋದೂ ಡೈರೆಕ್ಟರ್ ಕೆಲಸಾನೇ ಆಗಿತ್ತು ಅವಾಗ, ನನ್ನ ಕೇಳಿದ್ರೆ ಈಗ್ಲೂ ಹೌದು.

ಆಮೇಲೆ 1986ರಲ್ಲಿ ಹೈದರಾಬಾದಿನ 84ರ ಕೋಮುಗಲಭೆ ಬಗ್ಗೆ ಕ್ಯಾ ಹುವಾ ಇಸ್ ಶಹರ್ ಕೋ, 1991ರಲ್ಲಿ ಸಮ್‌ಥಿಂಗ್ ಲೈಕ್ ಎ ವಾರ್, 2011ರಲ್ಲಿ ಪುದುಕೋಟ್ಟೈ ಕಡೆಯ ಮುಸ್ಲಿಂ ಹೆಂಗಸರು ತಾವೇ ಕಟ್ಟಿಕೊಂಡ ಜಮಾತ್ ಬಗ್ಗೆ ಇನ್ವೋಕಿಂಗ್ ಜಸ್ಟಿಸ್, 2018ರಲ್ಲಿ ರೋಹಿತ್ ವೇಮುಲ ಸಾವಿನ ನಂತರದ ಚಳವಳಿ ಬಗ್ಗೆ ಒಂದು. ನಡುವೆ ಇನ್ನೂ ಕೆಲವಿದಾವೆ. 2023ರಲ್ಲಿ ಕೇರಳದ ಡಾಕ್ಯುಮೆಂಟರಿ ಫೆಸ್ಟಿವಲ್‌ನೋರು ಲೈಫ್‌ಟೈಮ್ ಅವಾರ್ಡ್ ಕೊಟ್ರು. ನಮ್ಮೋರು? ಬಿಡಿ, ಆ ಮಾತು ಈಗ ಬೇಡ.

ಡೈರೆಕ್ಟರ್ ಏನ್ ಮಾಡ್ತಾರೆ ಅಂದ್ರಲ್ಲ, ಸಮ್‌ಥಿಂಗ್ ಲೈಕ್ ಎ ವಾರ್ ಸಿಕ್ಕಿದ್ರೆ ಮೊದಲ ಹತ್ತು ನಿಮಿಷ ನೋಡಿ. ಫ್ಯಾಮಿಲಿ ಪ್ಲಾನಿಂಗ್ ಕ್ಯಾಂಪು, ಹೆಂಗಸರನ್ನ ಸಾಲಾಗಿ ಮಲಗಿಸಿದಾರೆ, ಡಾಕ್ಟರು ಕ್ಯಾಮೆರಾ ಕಡೆ ತಿರುಗಿ ತಾನು ಎಷ್ಟು ಸಾವಿರ ಆಪರೇಶನ್ ಮಾಡಿದೀನಿ, ಒಂದೊಂದಕ್ಕೆ ಎಷ್ಟು ಕಡಿಮೆ ಟೈಮ್ ಸಾಕು ಅಂತ ಹೆಮ್ಮೆಯಿಂದ ಹೇಳ್ತಾ ಹೋಗ್ತಾರೆ, ಕೈ ಮಾತ್ರ ನಿಲ್ಲಲ್ಲ. ಯಾರೂ ಅವರನ್ನ ದಬಾಯಿಸಲ್ಲ, ವಾಯ್ಸ್ ಓವರ್ ಬಂದು ನೋಡಿ ಎಂಥಾ ಅನ್ಯಾಯ ಅನ್ನಲ್ಲ. ಅದೇ ಫಿಲ್ಮಲ್ಲಿ ಇನ್ನೊಂದು ಕಡೆ ಹಳ್ಳಿ ಹೆಂಗಸರು ಸುತ್ತ ಕೂತು ನೆಲದ ಮೇಲೆ ಮೈಯ ಚಿತ್ರ ಬರ್ಕೊಂಡು ಮುಟ್ಟು, ಬಸಿರು, ಆಸೆ ಎಲ್ಲಾ ಮಾತಾಡ್ತಾ ನಗ್ತಾರೆ. ಆ ಡಾಕ್ಟರ್ ಪಕ್ಕಕ್ಕೆ ಈ ನಗು ಇಡಬೇಕು ಅಂತ ಡಿಸೈಡ್ ಮಾಡೋದೇ ಡೈರೆಕ್ಷನ್. ಆ ಹೆಂಗಸರು ಕ್ಯಾಮೆರಾ ಮರೆತು ನಗೋ ಹಾಗಾಗೋಕೆ ಎಷ್ಟು ದಿನ ಅಲ್ಲಿ ಕೂರಬೇಕು ಅಂತ ಅಂದಾಜು ಮಾಡೋದೂ ಡೈರೆಕ್ಷನ್ನೇ. ಆ್ಯಕ್ಷನ್ ಕಟ್ ಏನಿದ್ರೂ ಆಮೇಲೆ.


ವಖಾರಿ ಮೊಮ್ಮಗಳು:

ಅಣ್ಣಾ, ನಾ ನಿಪ್ಪಾಣ್ಯಾಕಿ, ಈಗ ಪುಣೆದಾಗ ಕೆಲಸಾ. ನಮ್ಮವ್ವನ ಅವ್ವ ವಖಾರ್ಯಾಗ, ಅಂದ್ರ ತಂಬಾಕ ಗೋದಾಮಿನ್ಯಾಗ, ದುಡದಾಕಿ, ಹಂಗಾಗಿ ಈ ಫಿಲ್ಮ್ ಬಗ್ಗೆ ನಾನೂ ಎರಡ ಮಾತ ಆಡ್ತೇನಿ.

ಫಿಲ್ಮಿನಾಗ ನಮ್ಮಜ್ಜಿ ಇಲ್ಲ, ಆದ್ರ ಆಕಿ ಹೇಳ್ತಿದ್ದದ್ದೆಲ್ಲಾ ಐತಿ. ಬೀಡಿ ತಂಬಾಕ ವಖಾರಿಗೆ ಬಂದ ಬೀಳ್ತೈತಿ, ಬಡೀಬೇಕು, ಚಾಳಣಿ ಹಿಡೀಬೇಕು, ಕಾಡಿ ಬ್ಯಾರೆ ಚೂರ ಬ್ಯಾರೆ ಮಾಡಬೇಕು. ಮಾರಿಗೆ ಸೆರಗ ಬಿಗದ ಕಟ್ಟಿದ್ರೂ ಘಾಟ ಎದಿಯಾಗ ಇಳೀತಿತ್ತಂತ, ಸಂಜಿಕ ಬಸ್ ಹತ್ತಿದ್ರ ಆ ವಾಸನಿಗೆ ಬಾಜೂಕ ಯಾರೂ ಕುಂದರ್ತಿರಲಿಲ್ಲಂತ, ಹಂಗಾಗಿ ನನಗ ಯಾವಾಗಲೂ ಪೂರಾ ಸೀಟ ಅಂತ ನಕ್ಕೋತ ಹೇಳಾಕಿ. ಫಿಲ್ಮ್ ನೋಡಿದವ್ರು ಬರೇ ಗೋಳ ನೋಡ್ತಾರ, ನನಗ ಅದರಾಗ ಕಂಡದ್ದ ಆ ಹೆಣ್ಣಮಕ್ಕಳ ಬಾಯಿ. ಒಬ್ಬಾಕಿ ಮಾತ ತಗದ್ಲಂದ್ರ ಇನ್ನೊಬ್ಬಾಕಿ ಅದನ್ನ ಹಿಡಕೊಂಡ ಮುಂದ ಒಯ್ತಾಳ.

ನಿಪ್ಪಾಣಿ ಅಂದ ಕೂಡ್ಲೆ ಎಲ್ಲಾರೂ ಹೇಳೂದು 1981ರ ರೈತರ ಚಳವಳಿ, ರೈತ ನಾಯಕ ಶರದ್ ಜೋಶಿ ಬಂದದ್ದು, ಪುಣೆ ಬೆಂಗಳೂರ ಹೈವೇ ಬಂದ್ ಮಾಡಿ ಕುಂತದ್ದು, ಏಪ್ರಿಲ್‌ದಾಗ ಗೋಲಿಬಾರ್ ಆಗಿ ಮಂದಿ ಸತ್ತದ್ದು. ಅದು ತಂಬಾಕ ಬೆಳೆಯೋರ ಲಡಾಯಿ. ವಖಾರ್ಯಾಗ ಕುಂತ ಅದ ತಂಬಾಕ ಹಸನ ಮಾಡೋ ಹೆಣ್ಣಮಕ್ಕಳ ಲಡಾಯಿನ ಬ್ಯಾರೆ, ಚಿಕ್ಕೋಡಿ ತಾಲೂಕಾ ಕಾಮಗಾರ್ ಮಹಾಸಂಘ ಅಂತ, ಪ್ರೊಫೆಸರ್ ಸುಭಾಷ್ ಜೋಶಿ ಮುಂದ ನಿಂತ ಕಟ್ಟಿದ್ದು. ಪೇಪರಿನಾಗ ಮೊದಲನೇದ್ದ ದೊಡ್ಡದಾಗಿ ಬಂತು, ಎರಡನೇದ್ದಕ್ಕ ಕಣ್ಣೀಗಿ ಕಾಣೂ ಸಾಕ್ಷಿ ಅಂತ ಉಳದದ್ದ ಈ 25 ನಿಮಿಷ.

ಇನ್ನೊಂದ. ಯುಗಾಂತರ್‌ದವರು ಬಂದು ಎರಡ ದಿನ ಶೂಟ್ ಮಾಡ್ಕೊಂಡ ಹೋದವರಲ್ಲ, ನಾಕ ತಿಂಗಳ ಆ ಹೆಣ್ಣಮಕ್ಕಳ ಜೋಡಿ ಕೆಲಸ ಮಾಡ್ಯಾರ. ಮೊದಲ ಒಮ್ಮೆ ಆಗಿ ಹೋಗಿದ್ದ ಸಂಪನ್ನ ಆ ಹೆಣ್ಣಮಕ್ಕಳ ಕ್ಯಾಮೆರಾ ಮುಂದ ಮತ್ತೊಮ್ಮೆ ಮಾಡಿ ತೋರಿಸ್ಯಾರ. ಹೆಂಗ ಗೇಟಿಗೆ ಹ್ವಾದಿವಿ, ಹೆಂಗ ಕುಂತಿವಿ, ಎಲ್ಲಾ ಅವರ ಹೇಳಿಕೊಟ್ಟದ್ದು. ನೀವು ಡೈರೆಕ್ಟರ್ ಮಾಡೂದೇನು ಅಂತ ಕೇಳೀರಿ, ಅಲ್ಲಿ ಡೈರೆಕ್ಷನ್ ಅರ್ಧಾ ವಖಾರಿ ಹೆಣ್ಣಮಕ್ಕಳದ್ದ.


ಲಾಜಿಕ್ ಇದ್ರೆ ಮಾತ್ರ:

ಒಂದ್ ನಿಮಿಷ. ಆಗಿ ಹೋದ ಸ್ಟ್ರೈಕನ್ನ ಮತ್ತೆ ಆ್ಯಕ್ಟ್ ಮಾಡಿಸಿದ್ರೆ ಅದು ಡಾಕ್ಯುಮೆಂಟರಿ ಹೇಗಾಗುತ್ತೆ? ನ್ಯೂಸ್ ಚಾನೆಲ್‌ನೋರು ಮರುಸೃಷ್ಟಿ ಅಂತ ಹಾಕಿದ್ರೆ ಉಗೀತೀವಿ, ಇವ್ರು ಮಾಡಿದ್ರೆ ಕಲೆ. ಜೊತೆಗೆ ಫಿಲ್ಮ್ ಪೂರ್ತಿ ಕಾರ್ಮಿಕರ ಕಡೆಯೇ, ಮಾಲೀಕರು ಏನ್ ಹೇಳ್ತಾರೆ ಅಂತ ಕೇಳೋ ಜವಾಬ್ದಾರಿ ಡೈರೆಕ್ಟರ್‌ಗೆ ಇಲ್ವಾ? ನಾನು ಫಿಲ್ಮ್ ಚೆನ್ನಾಗಿಲ್ಲ ಅಂತಿಲ್ಲ, ಹೆಸರು ಸರಿಯಾಗಿ ಇಟ್ಕೊಳಿ ಅಂತಿದೀನಿ.


ಬನಶಂಕರಿ ಬಾಬು:

@ಲಾಜಿಕ್ ಸರ್, ಪ್ರಶ್ನೆ ನ್ಯಾಯವಾಗಿದೆ ಆದ್ರೆ ಈ ಜಗಳ ಡಾಕ್ಯುಮೆಂಟರಿ ಹುಟ್ಟಿದಾಗಿನಿಂದ ಇದೆ. 1922ರ ನ್ಯಾನುಕ್ ಆಫ್ ದಿ ನಾರ್ತ್ ನೋಡಿ, ಎಲ್ಲಾ ಟೆಕ್ಸ್ಟ್‌ಬುಕ್ಕಲ್ಲೂ ಇರುತ್ತೆ, ಅದರಲ್ಲಿ ಇಗ್ಲೂ ಒಳಗಿನ ಸೀನ್ ತೆಗಿಯೋಕೆ ಬೆಳಕು ಸಾಲದೆ ಅರ್ಧ ಇಗ್ಲೂ ಮಾತ್ರ ಕಟ್ಟಿಸಿದ್ರು, ಹೀರೋನ ನಿಜವಾದ ಹೆಸರೂ ನ್ಯಾನುಕ್ ಅಲ್ಲ. ಅಲ್ಲಿ ಡೈರೆಕ್ಟರ್ ಫ್ಲಾಹರ್ಟಿ ತನಗೆ ಬೇಕಾದ ಹಳೇ ಕಾಲದ ಎಸ್ಕಿಮೋನ ಅವರ ಕೈಲಿ ಮಾಡಿಸಿದ್ರು. ನಿಪ್ಪಾಣಿಯಲ್ಲಿ ಮಾಡಿ ತೋರಿಸಿದೋರು ಸ್ಟ್ರೈಕ್ ಮಾಡಿದೋರೇ, ಮಾಡಿ ತೋರಿಸಿದ್ದು ಇನ್ನೊಂದು ಊರಿನ ಕಾರ್ಮಿಕರು ನೋಡ್ಲಿ ಅಂತ. ಎರಡೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ. ನ್ಯೂಸ್ ಚಾನೆಲ್‌ನೋರದ್ದು ಬೇರೆ ಸಮಸ್ಯೆ, ಅವ್ರು ಆಗದೇ ಇರೋದನ್ನೂ ಮರುಸೃಷ್ಟಿ ಮಾಡ್ತಾರೆ.

ಮಾಲೀಕರ ಕಡೆ ಕೇಳ್ಬೇಕಿತ್ತು ಅನ್ನೋದಕ್ಕೆ, ಕೇಳಿದ್ರೂ ಒಳ್ಳೇದೇ, ಆದ್ರೆ ಎರಡೂ ಕಡೆಗೆ ಸಮ ಸಮ ನಿಮಿಷ ಕೊಡೋದು ಡಾಕ್ಯುಮೆಂಟರಿ ಲಕ್ಷಣ ಅಂತ ಎಲ್ಲೂ ಬರೆದಿಲ್ಲ. ಅದೇ ದೀಪಾ ಹೈದರಾಬಾದ್ ಫಿಲ್ಮಲ್ಲಿ ಎರಡೂ ಕಡೆ ಪಾರ್ಟಿಯವರ ಭಾಷಣ, ಮೆರವಣಿಗೆ ಎಲ್ಲಾ ಇಟ್ಟಿದಾರೆ, ಯಾಕಂದ್ರೆ ಗಲಭೆ ಹೇಗೆ ಹತ್ತಿಕೊಳ್ಳುತ್ತೆ ಅಂತ ತೋರಿಸೋಕೆ ಅದು ಬೇಕಿತ್ತು. ಸಬ್ಜೆಕ್ಟ್ ಕೇಳಿದ್ದನ್ನ ಕೊಡಬೇಕು.


ಲಾಜಿಕ್ ಇದ್ರೆ ಮಾತ್ರ:

ಮಾಡಿ ತೋರಿಸಿದ್ದು ಅಂತ ಫಿಲ್ಮಲ್ಲೇ ಗೊತ್ತಾಗ್ಬೇಕು ಅನ್ನೋದು ನನ್ನ ಪಾಯಿಂಟ್. ಅಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆ ಕೇಳಿದ ಹುಡುಗನಿಗೆ ದುಡ್ಡಿನ ಬಗ್ಗೆ ಯಾರೂ ಹೇಳಿಲ್ಲ ಇನ್ನೂ.


ಬೂಮ್ ಹಿಡಿದೋನು:

ನಾನು ಹೇಳ್ತೀನಿ ತಗೊಳಿ. ಮೈಸೂರಿನೋನು, ಸೌಂಡ್ ರೆಕಾರ್ಡಿಸ್ಟು, ಡಾಕ್ಯುಮೆಂಟರಿ ಡೈರೆಕ್ಟರ್‌ಗಳ ಪಕ್ಕದಲ್ಲೇ ನಿಂತು ಅವರ ಜೇಬು ಖಾಲಿಯಾಗೋದನ್ನ ನೋಡಿದೀನಿ.

ಡಾಕ್ಯುಮೆಂಟರಿಯಿಂದಲೇ ಮನೆ ನಡೆಸ್ತೀನಿ ಅನ್ನೋರು ನಮ್ಮಲ್ಲಿ ಬೆರಳೆಣಿಕೆ. ಉಳಿದೋರೆಲ್ಲ ಪಾಠ ಮಾಡ್ತಾರೆ, ಎಡಿಟಿಂಗ್ ಮಾಡ್ತಾರೆ, ಕಾರ್ಪೊರೇಟ್ ಫಿಲ್ಮ್ ಮಾಡ್ತಾರೆ, ಎನ್‌ಜಿಒ ಫಿಲ್ಮ್ ಮಾಡ್ತಾರೆ, ಅದರಲ್ಲಿ ಉಳಿದಿದ್ದನ್ನ ತಂದು ತಮ್ಮ ಫಿಲ್ಮಿಗೆ ಸುರೀತಾರೆ. ಎನ್‌ಜಿಒ ಫಿಲ್ಮ್ ಅಂದ್ರೆ ಏನು ಅಂತ ಒಂದು ಸ್ಯಾಂಪಲ್ ಹೇಳ್ತೀನಿ. ಒಂದು ಸಂಸ್ಥೆಗೆ ಹಳ್ಳಿ ಶೌಚಾಲಯದ ಬಗ್ಗೆ ಐದು ನಿಮಿಷದ್ದು ಮಾಡ್ತಿದ್ವಿ, ಒಬ್ಬ ಅಜ್ಜಿ ಚೆನ್ನಾಗಿ ಮಾತಾಡ್ತಾ ಇದ್ರು, ರೂಮೇನೋ ಕಟ್ಟಿದ್ರಪ್ಪ ನೀರು ಯಾರ್ ತರ್ತಾರೆ, ನಾನು ಹೊಲಕ್ಕೆ ಹೋಗ್ತಿದ್ದಿದ್ದು ನನ್ನ ಗೆಳತೀರ ಜೊತೆ ಒಂದು ಗಳಿಗೆ ಮಾತಾಡೋಕೆ, ಈಗ ಅದೂ ಇಲ್ಲ ಅಂತ. ನಾನು ಹೆಡ್‌ಫೋನ್ ಒಳಗೇ ನಗ್ತಿದೀನಿ, ಇದು ಚಿನ್ನ ಅಂತ. ಆ ಸಂಸ್ಥೆಯಿಂದ ಬಂದಿದ್ದ ಮೇಡಮ್ಮು, ಅಜ್ಜೀ ಈಗ ಒಂದ್ಸಲ ತುಂಬಾ ಉಪಯೋಗ ಆಯ್ತು ಅಂತ ಹೇಳಿ ಸಾಕು ಅಂದ್ರು. ಅಜ್ಜಿ ಹೇಳಿದ್ರು. ಫಿಲ್ಮಲ್ಲಿ ಉಳಿದಿದ್ದು ಅದೊಂದೇ ವಾಕ್ಯ, ಕೆಳಗೆ ಲೋಗೋ. ಪೇಮೆಂಟ್ ಮಾತ್ರ ಟೈಮ್‌ಗೆ ಸರಿಯಾಗಿ ಬಂತು.

ಸ್ವಂತ ಫಿಲ್ಮಿಗೆ ದುಡ್ಡು ಎಲ್ಲಿಂದ ಅಂದ್ರೆ, ಹಿಂದೆ ಸರ್ಕಾರದ ಫಿಲ್ಮ್ಸ್ ಡಿವಿಷನ್ ಇತ್ತು, 1948ರಿಂದ, ಥಿಯೇಟರಲ್ಲಿ ಮೇನ್ ಪಿಕ್ಚರ್‌ಗೆ ಮುಂಚೆ ನ್ಯೂಸ್‌ರೀಲ್ ಬರ್ತಿತ್ತಲ್ಲ ಅವ್ರೇ, 2022ರಲ್ಲಿ ಅದನ್ನ ಎನ್‌ಎಫ್‌ಡಿಸಿ ಅನ್ನೋ ಸರ್ಕಾರದ್ದೇ ಫಿಲ್ಮ್ ನಿಗಮದ ಒಳಗೆ ಸೇರಿಸಿದ್ರು. ದೆಹಲಿಯ ಪಿಎಸ್‌ಬಿಟಿ ಅನ್ನೋ ಟ್ರಸ್ಟು 2000ದಿಂದ ದೂರದರ್ಶನದ ಜೊತೆ ಸೇರಿ ನೂರಾರು ಫಿಲ್ಮಿಗೆ ಸಣ್ಣ ಸಣ್ಣ ಬಜೆಟ್ ಕೊಡ್ತು, ನನ್ನ ಪರಿಚಯದ ಡೈರೆಕ್ಟರ್‌ಗಳಲ್ಲಿ ಎಷ್ಟೋ ಜನರ ಮೊದಲ ಫಿಲ್ಮು ಅಲ್ಲಿಂದಲೇ ಹೊರಟಿದ್ದು. ಬೆಂಗಳೂರಲ್ಲಿ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಇದೆ, ಅವರ ಗ್ರಾಂಟ್ ಅರ್ಜಿ ಕನ್ನಡದಲ್ಲೂ ಬರೀಬಹುದು, ಅದನ್ನ ನೋಡ್ತಾ ಇರು. ಕೋಲ್ಕತ್ತಾದಲ್ಲಿ ಡಾಕೆಜ್ ಅಂತ ಪಿಚಿಂಗ್ ಫೋರಮ್ ಇದೆ, ಹೊರದೇಶದ ಟಿವಿಯೋರು, ಫಂಡಿನೋರು ಬಂದು ಕೂತಿರ್ತಾರೆ, ಅವರೆದುರು ಕೆಲವೇ ನಿಮಿಷದಲ್ಲಿ ನಿನ್ನ ಕತೆ ಒಪ್ಪಿಸಬೇಕು. ಆಮ್‌ಸ್ಟರ್‌ಡ್ಯಾಮಿನ ಇಡ್ಫಾ ಫೆಸ್ಟಿವಲ್ಲಿಗೂ ಅಮೆರಿಕದ ಸನ್‌ಡ್ಯಾನ್ಸ್ ಸಂಸ್ಥೆಗೂ ತಮ್ಮದೇ ಡಾಕ್ಯುಮೆಂಟರಿ ಫಂಡ್ ಇದೆ. ಶೌನಕ್ ಸೇನ್ ದೆಹಲಿ ಹದ್ದುಗಳ ಬಗ್ಗೆ ಮಾಡಿದ್ದು, ಖಬರ್ ಲಹರಿಯಾ ಅನ್ನೋ ಪತ್ರಿಕೆಯ ಪತ್ರಕರ್ತೆಯರ ಬಗ್ಗೆ ರಿಂಟು ಥಾಮಸ್, ಸುಷ್ಮಿತ್ ಘೋಷ್ ಮಾಡಿದ್ದು, ಎರಡೂ ಆಸ್ಕರ್ ನಾಮಿನೇಶನ್ ತನಕ ಹೋದ್ವು, 2023ರಲ್ಲಿ ಕಾರ್ತಿಕಿ ಗೊನ್ಸಾಲ್ವಿಸ್ ಅವರ ಮುದುಮಲೈ ಆನೆ ಫಿಲ್ಮು ಗೆದ್ದೇ ಬಿಡ್ತು. ಇದನ್ನ ನೋಡಿ ಮನೆಯೋರಿಗೆ ಧೈರ್ಯ ಹೇಳೋಕೆ ಚೆನ್ನಾಗಿರುತ್ತೆ. ಅದನ್ನ ನಂಬ್ಕೊಂಡು ಮದುವೆ ಆರ್ಡರ್ ಬಿಡಬೇಡ ಅಷ್ಟೇ.

ಕೋರ್ಸ್ ವಿಷಯ, ಪುಣೆ ಎಫ್‌ಟಿಐಐ, ದೆಹಲಿ ಜಾಮಿಯಾ ಇವೆ, ಶೌನಕ್, ರಿಂಟು, ಸುಷ್ಮಿತ್ ಮೂರೂ ಜನ ಜಾಮಿಯಾದವ್ರೇ. ನಮ್ಮಲ್ಲಿ ಹೆಸರಘಟ್ಟದಲ್ಲಿ ಸರ್ಕಾರಿ ಇನ್‌ಸ್ಟಿಟ್ಯೂಟ್ ಇದೆ, ಕ್ಯಾಮೆರಾ ಸೌಂಡ್ ಕಲೀಬಹುದು. ಆದ್ರೆ ನೀನಾಗ್ಲೇ ಕ್ಯಾಮೆರಾ ಹಿಡಿಯೋನು. ನಿನಗೆ ಕಲಿಯೋಕಿರೋದು ಯಾವಾಗ ಆಫ್ ಮಾಡ್ಬೇಕು ಅನ್ನೋದು.

ಅದೇ ನಿಪ್ಪಾಣಿ ಕಾಲದ 16 ಎಂಎಂ ಲೆಕ್ಕ ಕೇಳು. 400 ಅಡಿ ರೋಲ್ ಹಾಕಿದ್ರೆ 11 ನಿಮಿಷ, ಮುಗೀತು. ಕಪ್ಪು ಚೀಲದೊಳಗೆ ಎರಡೂ ಕೈ ತೂರಿಸಿ ಕಣ್ಣಿಗೆ ಕಾಣದೆ ರೋಲ್ ಬದಲಾಯಿಸ್ಬೇಕು, ಅಷ್ಟರಲ್ಲಿ ಎದುರಿಗಿರೋ ಮನುಷ್ಯ ಹೇಳಬೇಕಾದ್ದು ಹೇಳಿ ಟೀ ಕುಡಿಯೋಕೆ ಹೋಗಿರ್ತಾನೆ. ರೋಲು, ಲ್ಯಾಬು ಎಲ್ಲಾ ದುಡ್ಡೇ. ಹಂಗಾಗಿ ಡೈರೆಕ್ಟರ್ ಕ್ಯಾಮೆರಾಮನ್ ಭುಜ ಮುಟ್ಟೋ ಮುಂಚೆ ಆ ಜನ ಯಾರು, ಯಾವ ಮಾತಿಗೆ ಯಾವ ಮಾತು ಬರುತ್ತೆ ಅಂತ ಪೂರ್ತಿ ತಿಳ್ಕೊಂಡಿರಬೇಕಿತ್ತು. ಈಗ ಕಾರ್ಡ್ ಹಾಕಿ ಬೆಳಗ್ಗಿಂದ ಸಂಜೆ ತನಕ ಓಡಿಸ್ತಾರೆ, ತಿಂಗಳಾದ್ಮೇಲೆ ಹಾರ್ಡ್‌ಡಿಸ್ಕ್ ತುಂಬಾ ಫುಟೇಜು, ಯಾರೂ ಕೂತು ಕೇಳಿಲ್ಲ, ಟ್ರಾನ್ಸ್‌ಕ್ರಿಪ್ಟ್ ಮಾಡ್ಸಿಲ್ಲ, ಎಡಿಟರ್ ಮುಂದೆ ತಂದು ಸುರಿದು ಕತೆ ಹುಡುಕಿಕೊಡು ಅಂತಾರೆ. ಅಂಥಾ ಎಷ್ಟೋ ಫಿಲ್ಮು ಡಿಸ್ಕಲ್ಲೇ ಸತ್ತಿವೆ.


ಕೋರ್ಟ್ ಕ್ಯಾಂಟೀನ್:

ಬೂಮ್ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಫಿಲ್ಮ್ ಮುಗಿದ ಮೇಲಿನ ಕೆಲಸದ ಬಗ್ಗೆ. ಡಾಕ್ಯುಮೆಂಟರಿಗೂ ಪಬ್ಲಿಕ್ ಆಗಿ ತೋರಿಸಬೇಕಾದ್ರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು, 1952ರ ಆ್ಯಕ್ಟಲ್ಲಿ ಇದು ಸಣ್ಣ ಫಿಲ್ಮು ಬಿಟ್ಬಿಡೋಣ ಅಂತೇನಿಲ್ಲ. ಡಾಕ್ಯುಮೆಂಟರಿ ಡೈರೆಕ್ಟರ್ ಆನಂದ್ ಪಟವರ್ಧನ್ ಕೆರಿಯರ್ ತಗೊಂಡ್ರೆ ಅರ್ಧ ಫಿಲ್ಮೋಗ್ರಫಿ, ಅರ್ಧ ಕೇಸ್ ಲಾ. ರಾಮ್ ಕೆ ನಾಮ್ 1992ರದ್ದು, ನ್ಯಾಷನಲ್ ಅವಾರ್ಡ್ ಬಂತು, ಆದ್ರೆ ದೂರದರ್ಶನ ಹಾಕಲ್ಲ ಅಂತು, ಹೈಕೋರ್ಟಿಗೆ ಹೋಗಿ ಹಾಕಿಸೋ ಹೊತ್ತಿಗೆ 1997. ಅದರ ಮುಂದಿನ ಫಾದರ್ ಸನ್ ಅಂಡ್ ಹೋಲಿ ವಾರ್ ಕೇಸು ಸುಪ್ರೀಂ ಕೋರ್ಟ್ ತನಕ ಹೋಗಿ 2006ರಲ್ಲಿ ತೀರ್ಪಾಯ್ತು, ಫಿಲ್ಮ್ ಆಗಿದ್ದು 1995ರಲ್ಲಿ. ಅಣುಬಾಂಬ್ ಬಗ್ಗೆ ಮಾಡಿದ ವಾರ್ ಅಂಡ್ ಪೀಸ್‌ಗೆ ಸೆನ್ಸಾರಿನೋರು 21 ಕಟ್ ಕೇಳಿದ್ರು, ಬಾಂಬೆ ಹೈಕೋರ್ಟು 2003ರಲ್ಲಿ ಒಂದೂ ಕಟ್ ಬೇಡ ಅಂತು. ಜೈ ಭೀಮ್ ಕಾಮ್ರೇಡ್ ಮಾಡೋಕೇ 14 ವರ್ಷ, 1997ರ ಜುಲೈಯಲ್ಲಿ ಮುಂಬೈನ ರಮಾಬಾಯಿ ನಗರದಲ್ಲಿ ಪೊಲೀಸ್ ಫೈರಿಂಗಲ್ಲಿ 10 ಜನ ಸತ್ತಿದ್ದು, ಅದರ ಬೆನ್ನಿಗೇ ವಿಲಾಸ್ ಘೋಗ್ರೆ ಅನ್ನೋ ದಲಿತ ಹಾಡುಗಾರ ಆತ್ಮಹತ್ಯೆ ಮಾಡ್ಕೊಂಡಿದ್ದು, ಅಲ್ಲಿಂದ ಶುರುವಾಗಿ 2011ಕ್ಕೆ ಮುಗಿದಿದ್ದು. ಕ್ಯಾಮೆರಾ, ಎಡಿಟಿಂಗ್ ಬಹುಪಾಲು ತಾವೇ ಮಾಡ್ಕೋತಾರೆ, ಇಲ್ಲಾಂದ್ರೆ 14 ವರ್ಷ ಸಂಬಳ ಕೊಡೋರ್ಯಾರು.

2004ರಲ್ಲಿ ಮುಂಬೈ ಸರ್ಕಾರಿ ಫೆಸ್ಟಿವಲ್‌ಗೆ ಇಂಡಿಯನ್ ಫಿಲ್ಮಿಗೆ ಮಾತ್ರ ಸೆನ್ಸಾರ್ ಸರ್ಟಿಫಿಕೇಟ್ ಬೇಕು ಅಂದಾಗ ಡೈರೆಕ್ಟರ್‌ಗಳೇ ಒಟ್ಟಾಗಿ ವಿಕಲ್ಪ್ ಅಂತ ಪಕ್ಕದಲ್ಲೇ ಇನ್ನೊಂದು ಫೆಸ್ಟಿವಲ್ ಮಾಡಿದ್ರು. ಇದನ್ನೆಲ್ಲ ಹೆದರಿಸೋಕೆ ಹೇಳ್ತಿಲ್ಲ. ಫಿಲ್ಮ್ ಮುಗೀತು ಅಂತ ಪಾರ್ಟಿ ಮಾಡೋ ದಿನಕ್ಕೆ ಇನ್ನೂ ಬಜೆಟ್ಟಲ್ಲಿ ಸ್ವಲ್ಪ ಉಳಿಸ್ಕೊಂಡಿರಿ ಅಂತ ಅಷ್ಟೇ.


ಗೋಕಾಕ ಕ್ಯಾಮೆರಾ:

ಅಬ್ಬಾ, ಇಷ್ಟ ಮಂದಿ ಇಷ್ಟ ಬರೀತಾರಂತ ಅನಕೊಂಡಿರಲಿಲ್ಲ. ಎಲ್ಲಾರಿಗೂ ಥ್ಯಾಂಕ್ಸ್‌ರಿ. ಬೂಮ್ ಸರ್, ಮದುವಿ ಆರ್ಡರ್ ಬಿಡೂದಿಲ್ಲ, ಬಿಟ್ರ ಮನ್ಯಾಗ ನನ್ನ ಬಿಡ್ತಾರ.

ಇನ್ನೊಂದ ಕೇಳ್ತೇನಿ. ಕಬ್ಬಿನ ಗ್ಯಾಂಗಿನವರಿಗೆ ಮೊದಲ ಭೆಟ್ಟಿ ಆಗೂದ ಹೆಂಗ? ಗ್ಯಾಂಗ್ ಕರಕೊಂಡ ಬರೋ ಗುತ್ತೇದಾರ ಮುಕಾದಮ್‌ನ ಕೇಳಿದ್ರ ಅಂವ ಒಪ್ಪಿದ್ರೂ ತೊಂದ್ರಿ, ಒಪ್ಪದಿದ್ರೂ ತೊಂದ್ರಿ. ಆಮ್ಯಾಲ ಇವರ ಬಗ್ಗೆ ನ್ಯೂಸಿನಾಗ ಬಂದದ್ದ ಅಂದ್ರ 2019ರಾಗ ಬೀಡ್ ಕಡೆ ಕಬ್ಬ ಕಡಿಯೋ ಹೆಣ್ಣಮಕ್ಕಳು ಗರ್ಭಚೀಲ ತಗಸಿಕೊಂಡ ವಿಷಯ, ಅಲ್ಲಿಂದ ಚಾಲೂ ಮಾಡೂದ ಚಲೋ ಅನಸ್ತೈತಿ, ಫಂಡಿನವ್ರಿಗೂ ಲಗೂನ ತಿಳೀತೈತಿ.


ವಖಾರಿ ಮೊಮ್ಮಗಳು:

ಅಣ್ಣಾ ಅದನ್ನ ಮಾತ್ರ ಮೊದಲ ಕೇಳಬ್ಯಾಡ. ಆ ಸುದ್ದಿ ಆದಮ್ಯಾಲ ಮೈಕ್ ಹಿಡಕೊಂಡ ಹೋದವ್ರೆಲ್ಲಾ ಆ ಹೆಣ್ಣಮಕ್ಕಳಿಗೆ ಮೊದಲ ಕೇಳಿದ್ದ ಅದನ್ನ. ಪರಿಚಯ ಇಲ್ಲದ ಗಂಡಸು, ಕೈಯಾಗ ಕ್ಯಾಮೆರಾ, ಗುಡಸಲದ ಮುಂದ ನಿಂತ ನಿಂದ ಚೀಲ ತಗಸ್ಯಾರೇನು ಅಂದ್ರ ಯಾವಾಕಿ ಮಾತಾಡ್ತಾಳ? ನಿನಗೂ ಬಾಬು ಸರ್ ಹೇಳಿದ ಆ ಫಿಲ್ಮಿನ ಹೆಂಗಸರ ಹಂಗ ಮಾತಾಡೋರ ಬೇಕಂದ್ರ ಜೋಡಿ ಒಬ್ಬಾಕಿ ಹೆಣ್ಣಮಗಳನ್ನ ಕರಕೊಂಡ ಹೋಗು, ಮರಾಠಿ ಬರಬೇಕು, ಬರೇ ಟ್ರಾನ್ಸ್‌ಲೇಟರ್ ಅಲ್ಲ, ಆಕಿನೂ ಫಿಲ್ಮ್ ಮಾಡೂದರಾಗ ಪಾಲಿರಬೇಕು. ಬೇಕಾದ್ರ ನನಗ ಮೆಸೇಜ್ ಹಾಕು, ದೀಪಾವಳಿಗೆ ಊರಿಗೆ ಬರಾಕಿ ಅದೇನಿ.

ಮುಕಾದಮ್‌ನ ವಿಷಯಾ ಹೇಳ್ತೇನಿ. ಅಂವಾ ಸೀಸನ್ನಿನ ಮೊದಲ ಒಂದ ಕೋಯ್ತಾಕ್ಕ, ಅಂದ್ರ ಒಂದ ಜೋಡಿಗೆ, ಇಷ್ಟ ಅಂತ ಗಂಡ ಹೆಂಡ್ತಿಗೆ ಉಚಲ, ಅಂದ್ರ ಮುಂಗಡ, ಕೊಟ್ಟಿರ್ತಾನ, ಆ ರೊಕ್ಕ ತೀರೂಮಟ ಅವರು ಅಂವನ ಮಾತ ಮೀರೂದಿಲ್ಲ. ಅಂವನ ಮುಂದ ಕೇಳಿದ್ರ ಎಲ್ಲಾ ಆರಾಮ ಅಂತಾರ. ಅಂವನ್ನ ಬಿಟ್ಟ ಕದ್ದ ಹ್ವಾದ್ರ ನೀ ಮನಿಗೆ ಬಂದ ಮಲಗ್ತೀ, ಅವರ ಮುಂದಿನ ವರ್ಷದ ಉಚಲಕ್ಕ ಕಲ್ಲ ಬೀಳ್ತೈತಿ. ಮೊದಲ ವರ್ಷ ಕ್ಯಾಮೆರಾನ ಒಯ್ಯಬ್ಯಾಡ, ಸೀಸನ್ ಮುಗದಮ್ಯಾಲ ಅವರ ಊರಿಗೆ ಹೋಗಿ ಬಾ. ಅಲ್ಲಿ ಅವರ ಮನಿ ಇರ್ತೈತಿ, ಅವರ ಕಟ್ಟಿ ಇರ್ತೈತಿ, ಅವರ ನಿನಗ ಚಾ ಕೊಡ್ತಾರ, ಮಾತ ಬ್ಯಾರೆನ ಆಗ್ತೈತಿ.


ಲಾಜಿಕ್ ಇದ್ರೆ ಮಾತ್ರ:

ಒಪ್ಪಿಗೆ ಬರವಣಿಗೆಯಲ್ಲಿ ತಗೋಬೇಕಾ? ರಿಲೀಸ್ ಫಾರ್ಮ್ ಅಂತ ಇರುತ್ತಲ್ಲ.


ಕೋರ್ಟ್ ಕ್ಯಾಂಟೀನ್:

ತಗೋಬೇಕು, ಹೊರಗಿನ ಫಂಡು, ಓಟಿಟಿ ಯಾರೇ ಬಂದ್ರೂ ಮೊದಲು ಕೇಳೋದೇ ಅದು. ಇಂಗ್ಲಿಷ್ ಫಾರ್ಮಿಗೆ ಹೆಬ್ಬೆಟ್ಟು ಒತ್ತಿಸ್ಕೊಂಡು ಬರಬೇಡಿ, ಮರಾಠಿಯಲ್ಲಿ ಮಾಡಿಸಿ, ಓದಿ ಹೇಳಿ, ಓದಿ ಹೇಳೋದನ್ನೂ ರೆಕಾರ್ಡ್ ಮಾಡಿಟ್ಕೊಳಿ. ಎಡಿಟ್ ಆದ ಮೇಲೆ ಅವರಿಗೆ ತೋರಿಸಿ ಇದು ಬೇಡ ಅಂದಿದ್ದನ್ನ ತೆಗೆಯೋಕೆ ರೆಡಿ ಇರಿ. ಇದು ಕಾನೂನಲ್ಲಿಲ್ಲ, ನಾನು ಹೇಳ್ತಿರೋದು.


ಬೂಮ್ ಹಿಡಿದೋನು:

ತಂಗಿ ಹೇಳಿದ್ದೇ ಸರಿ, ಮೊದಲ ವರ್ಷ ಬರೀಗೈಲಿ ಹೋಗು. ಎರಡನೇ ವರ್ಷ ಹೋಗೋವಾಗ ಕ್ಯಾಮೆರಾಗಿಂತ ಮುಂಚೆ ಎರಡು ಲ್ಯಾಪೆಲ್ ಮೈಕು, ಗಾಳಿಗೆ ಕೂದಲಿನ ಕವರ್ರು ತಗೋ, ಕಬ್ಬಿನ ಗದ್ದೆಲಿ ಎಲೆ ಸದ್ದಲ್ಲಿ ಮಾತು ಕೇಳಲ್ಲ, ಕುಡುಗೋಲಿನ ಏಟು ಮಾತ್ರ ಹತ್ತಿರದಲ್ಲೇ ಬಿದ್ದ ಹಾಗೆ ಕೇಳುತ್ತೆ. ಆಮೇಲೆ ನಿಮ್ಮ ಕಡೆ ಟ್ರ್ಯಾಕ್ಟರ್‌ನೋರು ಡಬ್ಬಾ ಡಬ್ಬಾ ಸ್ಪೀಕರ್ ಕಟ್ಕೊಂಡು ಸಾಂಗ್ ಹಾಕೊಂಡು ಬರ್ತಾರಲ್ಲ, ಇಂಟರ್ವ್ಯೂ ನಡಿವಾಗ ಅದು ಬಂದ್ರೆ ದಯವಿಟ್ಟು ನಿಲ್ಲಿಸು. ಮಾತು ಕಟ್ ಮಾಡಿದ ಕಡೆಯೆಲ್ಲ ಹಿಂದಿನ ಹಾಡು ಎಗರುತ್ತೆ, ಎಡಿಟಲ್ಲಿ ಏನೂ ಮಾಡೋಕಾಗಲ್ಲ, ಮೇಲಿಂದ ಆ ಹಾಡಿನ ರೈಟ್ಸ್ ಅಂತ ಆಡಿಯೋ ಕಂಪನಿಯೋನು ಕೇಳೋ ದುಡ್ಡಲ್ಲಿ ಇನ್ನೊಂದು ಫಿಲ್ಮ್ ಮಾಡ್ಬಹುದು. ಡ್ರೈವರ್‌ಗೆ ಒಂದು ಟೀ ಕುಡಿಸಿ ಹತ್ತು ನಿಮಿಷ ಆಫ್ ಮಾಡಿಸು.


ಗೋಕಾಕ ಕ್ಯಾಮೆರಾ:

ಸರ್ ಆ ಸ್ಪೀಕರ್ ಡಬ್ಬಾ ಹಾಕ್ಕೊಂಡ ತಿರಗೋ ಟ್ರ್ಯಾಕ್ಟರಿನ್ಯಾಗ ಒಂದ ನಮ್ಮ ಕಾಕಾಂದ ಐತಿ, ಅಂವನ ಗಾಡಿ ಅಂತೂ ಬಂದ್ ಮಾಡಸ್ತೇನಿ. ಅಕ್ಕಾ, ಇನ್‌ಬಾಕ್ಸ್ ನೋಡ್ರಿ, ಮೆಸೇಜ್ ಹಾಕೇನಿ.